ಪಕ್ಕದ ಮನೆಯ ಚಹಾಕ್ಕೆ ನಿಷೇಧವೇ?

ಕಳೆದ ತಿಂಗಳು ಇಲ್ಲಿರುವ ನಮ್ಮವರ ಮೊಬೈಲಿನಿಂದ ಮೊಬೈಲಿಗೆ ಒಂದು ವಾಯ್ಸ್ ಮೆಸೇಜ್ ಓಡಾಡಿತು. ಮಾತಾಡಿದವರು ನನಗಿಂತ ಹಿರಿಯರು, ನಾನು ಕಾಕ ಎಂದೇ ಕರೆಯುವವರು. ಹೆಸರು ಬೇಡ. ಅವರು ಹೇಳಿದ್ದು ಮೂರು ಮಾತು. ಶನಿವಾರ ಸಂಜೆ ಆ ಕಿರಿಸ್ತಾನರ ಮನೆಯ ಚಹಾ ಕೂಟಕ್ಕೆ ನಮ್ಮ ಹೆಂಗಸರು, ಮಕ್ಕಳು ಕಾಲಿಡಬಾರದು. ಹೋದವರ ಮನೆಯ ಮದುವೆ, ಮರಣಕ್ಕೆ ಉಳಿದವರು ಸೇರಬಾರದು. ಕೊನೆಯದಾಗಿ, ಪೊಲೀಸರಿಗೆ ಒಂದು ದೂರು ಕೊಡಬೇಕು, ಅದಕ್ಕೆ ಸಹಿ ಹಾಕಲು ಊರಿನ ಬೇರೆ ಸಂಘಟನೆಯವರೂ ತಯಾರಿದ್ದಾರೆ.

ಮೊದಲ ಎರಡು ಮಾತಿಗೆ ಸಿಟ್ಟು ಬಂತು. ಮೂರನೆಯದಕ್ಕೆ ಹೆದರಿಕೆಯಾಯಿತು. ಆ 'ಬೇರೆ ಸಂಘಟನೆಯವರು' ಯಾರು ಎಂದು ಊರಿನಲ್ಲಿ ಕುಳಿತು ಇದನ್ನು ಓದುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಕನ್ನಡದವರಿಗೆ ಅದು ಬೇಗ ಅರ್ಥವಾಗುತ್ತದೆ.

ಮೊಗುಡಂಪಲ್ಲಿ ಎಲ್ಲಿದೆ ಎಂದು ಕೇಳುವವರಿಗೆ ಎರಡು ಮಾತು. ಮೊದಲು ಮೇದಕ್ ಜಿಲ್ಲೆ, 2016ರಿಂದ ಸಂಗಾರೆಡ್ಡಿ ಜಿಲ್ಲೆ. ಜಹೀರಾಬಾದಿನ ಪಕ್ಕ. ಹೈದರಾಬಾದಿನಿಂದ ಮುಂಬೈ ಕಡೆ ಹೋಗುವ ಹೆದ್ದಾರಿಯಲ್ಲಿ ಚಿರಾಗ್‌ಪಲ್ಲಿ ದಾಟಿದರೆ ನಮ್ಮ ಕರ್ನಾಟಕ, ಬೀದರ್ ಜಿಲ್ಲೆ. ಸಂತೆಯಲ್ಲಿ ತೆಲುಗು, ದಖನಿ, ಕನ್ನಡ, ಮರಾಠಿ ನಾಲ್ಕೂ ಕಿವಿಗೆ ಬೀಳುತ್ತವೆ. ಕರಿ ಮಣ್ಣು, ಕಬ್ಬು, ಜೋಳ. ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಬಂದ ಮೇಲೆ ಅದರ ಸುತ್ತ ಸಣ್ಣಪುಟ್ಟ ವರ್ಕ್‌ಶಾಪುಗಳು ಹುಟ್ಟಿದವು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನ್ನಂಥವರಿಗೆ ಅಲ್ಲೇ ಅನ್ನ. ನಮ್ಮ ಕರಾವಳಿಯ ಬ್ಯಾರಿಗಳ ಮನೆ ಹತ್ತೋ ಹನ್ನೆರಡೋ ಇರಬಹುದು. ಒಂದು ಬೇಕರಿ, ಒಂದು ಕೂಲ್ ಡ್ರಿಂಕ್ಸ್, ಉಳಿದವರು ನನ್ನ ಹಾಗೆ ಸಂಬಳದವರು.

ಇನ್ನು ಆ ಕೂಟ. ನಮ್ಮ ಬಾಡಿಗೆ ಮನೆಯಿಂದ ಮೂರನೇ ಮನೆ. ಗಂಡ ಹೆಂಡತಿ ಇಬ್ಬರೂ ತೆಲುಗು ಕಿರಿಸ್ತಾನರು, ಆಕೆಯನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತಾರೆ. ಶನಿವಾರ ಸಂಜೆ ವರಾಂಡದಲ್ಲಿ ಚಾಪೆ ಹಾಸುತ್ತಾರೆ. ಚಹಾ, ಮಿರ್ಚಿ ಬಜ್ಜಿ, ಮಕ್ಕಳಿಗೆ ಕೇರಂ ಬೋರ್ಡ್. ಹೆಂಗಸರ ಮಾತು ಒಂದು ಗಂಟೆ. ಕೊನೆಗೆ ಒಂದು ತೆಲುಗು ಹಾಡು, ಬೈಬಲಿನಿಂದ ನಾಲ್ಕು ಸಾಲು, ಬೀದಿಯಲ್ಲಿ ಕಾಯಿಲೆ ಬಿದ್ದವರ ಹೆಸರು ಹೇಳಿ ಪ್ರಾರ್ಥನೆ. ಇದಕ್ಕೆ ಅವರು 'ಪ್ರಾರ್ಥನ ಕೂಡಿಕ' ಎನ್ನುತ್ತಾರೆ. ಇಪ್ಪತ್ತು ನಿಮಿಷದ ಈ ಭಾಗ ಬೇಡವಾದವರು ಎದ್ದು ಬರಬಹುದು, ಬರುತ್ತಾರೆ ಕೂಡ.

ಈ ಕೂಟದ ಹಿಂದೆ ಉದ್ದೇಶವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಉದ್ದೇಶ ಇದೆ. ಇದು ಕಿರಿಸ್ತಾನರ ಹಳೆಯ ರೀತಿ, ಗುಟ್ಟಿನದ್ದಲ್ಲ. ಲಂಡನ್ನಿನ ಒಂದು ಚರ್ಚಿನಲ್ಲಿ 1977ರಲ್ಲಿ ಶುರುವಾದ ಆಲ್ಫಾ ಕೋರ್ಸ್ ಎಂಬುದಿದೆ. ಮೊದಲು ಊಟ, ಆಮೇಲೆ ಒಂದು ಮಾತು, ಆಮೇಲೆ ಸಣ್ಣ ಗುಂಪಿನಲ್ಲಿ ಚರ್ಚೆ. ಇಂದು ಅದು ಲೋಕದ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಅಷ್ಟು ದೂರ ಯಾಕೆ, ನಮ್ಮ ಮಂಗಳೂರಿಗೆ 1834ರ ಅಕ್ಟೋಬರಿನಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನ ಮೂವರಲ್ಲಿ ಹೆಬಿಕ್ ಎಂಬವನು ಜಾತ್ರೆ ಜಾತ್ರೆಗೆ ಹೋಗಿ ನಿಂತು ಉಪದೇಶ ಮಾಡುತ್ತಿದ್ದವನು, ಬಯ್ಸಿಕೊಂಡವನು. ಮುಂದೆ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ, ಅದೇ ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟ. 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಇವರೆಲ್ಲ ಬಂದದ್ದು ಮತ ಪ್ರಚಾರಕ್ಕೇ. ಅವರ ನಿಘಂಟನ್ನು ನಾವು ಬಿಸಾಡಿದೆವೇ? ಅವರ ಹೆಂಚಿನ ಕೆಳಗೆ ನಮ್ಮ ಅಜ್ಜಂದಿರು ಮಲಗಲಿಲ್ಲವೇ? ನಮಾಜ್ ಬಿಟ್ಟರೇ?

ಆ ಅಕ್ಕನ ಹತ್ತಿರ ನನಗೆ ಒಂದು ತಕರಾರು ಇದೆ, ಅದನ್ನು ಅವರ ಗಂಡನಿಗೆ ಮುಖಕ್ಕೇ ಹೇಳಿದ್ದೇನೆ. ಮೊದಲ ಸಲ ಕರೆದಾಗ 'ಸುಮ್ಮನೆ ಚಹಾಕ್ಕೆ ಬನ್ನಿ' ಎಂದರು, ಪ್ರಾರ್ಥನೆ ಇದೆ ಎಂದು ಹೇಳಲಿಲ್ಲ. ನಾನು ಅಂಗಡಿಯವನ ಮಗ. ಉಪ್ಪಿನಂಗಡಿಯಲ್ಲಿ ಉಪ್ಪನ ಜೀನಸಿನ ಅಂಗಡಿಯಲ್ಲೇ ಬೆಳೆದವನು. ಚೀಟಿ ಹಿಡಿದು ಬಂದ ಮಕ್ಕಳ ಕೈಗೆ ಉಪ್ಪ ಒಂದು ಪೆಪ್ಪರಮೆಂಟು ಇಡುತ್ತಿದ್ದರು. ಪ್ರೀತಿಯೂ ಹೌದು, ನಾಳೆ ಅದೇ ಮಗು ಎದುರಿನ ಅಂಗಡಿಗೆ ಹೋಗದಿರಲಿ ಎಂಬ ಲೆಕ್ಕವೂ ಹೌದು. ಅದರಲ್ಲಿ ಮೋಸ ಇರಲಿಲ್ಲ, ಯಾಕೆಂದರೆ ಮೇಲೆ ಬೋರ್ಡ್ ಇತ್ತು. ಒಳಗೆ ಬಂದವರಿಗೆ ಇದು ಅಂಗಡಿ ಎಂದು ಗೊತ್ತಿತ್ತು. ಕೂಟಕ್ಕೂ ಬೋರ್ಡ್ ಬೇಕು. 'ಚಹಾ ಉಂಟು, ಕೊನೆಗೆ ಪ್ರಾರ್ಥನೆಯೂ ಉಂಟು' ಎಂದು ಮೊದಲೇ ಹೇಳಿ ಕರೆಯಲಿ. ಸ್ನೇಹವನ್ನು ಗಾಳದ ತುದಿಯ ಎರೆ ಮಾಡಿದರೆ, ನಾಳೆ ಅವರು ನಿಜವಾದ ಸ್ನೇಹದಿಂದ ಕರೆದರೂ ಜನ ಅನುಮಾನಿಸುತ್ತಾರೆ. ಆ ಗಂಡ ಸ್ವಲ್ಪ ಮುಜುಗರಪಟ್ಟು ಒಪ್ಪಿದರು. ಈಗ ಹೇಳಿಯೇ ಕರೆಯುತ್ತಾರೆ. ಇಷ್ಟಕ್ಕೆ ಪೊಲೀಸರು ಬೇಕಾಯಿತೇ ಕಾಕ? ಮೂರು ಮನೆ ದಾಟಿ ಹೋಗಿ ಮಾತಾಡಿದರೆ ಸಾಕಾಯಿತು.

ಆಮಿಷದ ಮಾತಿಗೆ ಬರೋಣ. ಬಜ್ಜಿ ಕೊಟ್ಟು ಮತ ಬದಲಿಸುತ್ತಾರೆ ಎನ್ನುವವರಿಗೆ ಈ ಸೀಮೆಯ ಚರಿತ್ರೆ ಸ್ವಲ್ಪ ತಿಳಿದಿರಬೇಕು. ಇಲ್ಲಿಂದ ಕೆಲವು ಗಂಟೆಯ ದಾರಿಯಲ್ಲಿ ಮೇದಕ್ಕಿನ ದೊಡ್ಡ ಇಗರ್ಜಿ ಇದೆ, 1924ರ ಡಿಸೆಂಬರ್ 25ರಂದು ತೆರೆದದ್ದು. ಕಟ್ಟಿಸಿದವರು ಪಾಸ್ನೆಟ್ ಎಂಬ ಇಂಗ್ಲಿಷ್ ಪಾದ್ರಿ. ಬರಗಾಲದಲ್ಲಿ ಹಸಿದು ಬಂದವರಿಗೆ ಕೆಲಸ ಕೊಟ್ಟು, ಕೂಲಿಗೆ ಧಾನ್ಯ ಅಳೆದು ಕೊಟ್ಟು ಕಟ್ಟಿಸಿದರು. ಅಂದಿನಿಂದ ಇಂದಿನವರೆಗೆ 'ಅನ್ನಕ್ಕಾಗಿ ಹೋದವರು' ಎಂಬ ಚುಚ್ಚು ಮಾತು ಇಲ್ಲಿನ ಮಾಲ, ಮಾದಿಗ ಕುಟುಂಬಗಳನ್ನು ಬಿಟ್ಟಿಲ್ಲ. ಕಲ್ಲು ಹೊತ್ತು ಪಡೆದ ಕೂಲಿ ಆಮಿಷ ಹೇಗಾಗುತ್ತದೆ? ಅದೇ ಬರಗಾಲದಲ್ಲಿ ಊರಿನ ದೊಡ್ಡ ಮನೆಗಳ ಕಣಜ ಅವರಿಗೆ ತೆರೆಯಲಿಲ್ಲವಲ್ಲ, ಅದನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಎನಿಸಿಕೊಳ್ಳಲು ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕಿರಿಸ್ತಾನರಿಗೆ ಇಲ್ಲ, ನಮಗೂ ಇಲ್ಲ. ಮಾದಿಗನೊಬ್ಬ ಕಾಗದದ ಮೇಲೆ ಕಿರಿಸ್ತಾನನಾದರೆ ಈ ರಾಜ್ಯದಲ್ಲಿ ಬಿ.ಸಿ.-ಸಿ ಗುಂಪಿಗೆ ಬೀಳುತ್ತಾನೆ, ಅದಕ್ಕೆ ಇರುವುದು ಶೇಕಡಾ 1 ಮೀಸಲಾತಿ. ಮಗನ ಸೀಟು, ಮಗಳ ಹಾಸ್ಟೆಲ್, ಸರ್ಕಾರಿ ಕೆಲಸ ಎಲ್ಲ ಕೈತಪ್ಪುವ ದಾರಿಗೆ 'ಆಮಿಷ' ಎಂದು ಹೆಸರಿಟ್ಟವರ ಲೆಕ್ಕ ನನ್ನ ಉಪ್ಪನ ಖಾತೆ ಪುಸ್ತಕದಲ್ಲಿ ಪಾಸಾಗುವುದಿಲ್ಲ.

ಈಗ ನಮ್ಮ ಹೆಂಗಸರು ಅಲ್ಲಿಗೆ ಯಾಕೆ ಹೋಗುತ್ತಾರೆ ಎಂಬುದು. ವಾಯ್ಸ್ ಮೆಸೇಜಿನಲ್ಲಿ ಇದರ ಬಗ್ಗೆ ಒಂದು ಶಬ್ದ ಇರಲಿಲ್ಲ. ವಿಟ್ಲದಲ್ಲೋ ಕಾವೂರಿನಲ್ಲೋ ಬೆಳೆದ ಹುಡುಗಿ ಮದುವೆಯಾಗಿ ಇಲ್ಲಿ ಬಂದು ಇಳಿಯುತ್ತಾಳೆ. ಬ್ಯಾರಿ ಬಾಸೆ ಮಾತಾಡಲು ಗಂಡ ಒಬ್ಬನೇ, ಅವನೂ ಶಿಫ್ಟ್ ಮುಗಿಸಿ ಬಂದು ಮಲಗುವವನು. ಕನ್ನಡ ಅರ್ಧ ಜನರಿಗೆ ಬರುತ್ತದೆ, ತೆಲುಗು ಅವಳಿಗೆ ಬರುವುದಿಲ್ಲ. ಗಂಡಸರಿಗೆ ಮಸೀದಿ ಇದೆ. ಜುಮಾ ಮುಗಿಸಿ ಕಟ್ಟೆಯಲ್ಲಿ ನಿಂತು ಅರ್ಧ ಗಂಟೆ ಹರಟುತ್ತೇವೆ, ಕೆಲಸದ ಸುದ್ದಿ ಅಲ್ಲೇ ಸಿಗುತ್ತದೆ, ಸಾಲವೂ ಸಿಗುತ್ತದೆ. ಹೆಂಗಸರಿಗೆ ಏನಿದೆ? ಊರಿನಲ್ಲಾದರೆ ಉಮ್ಮ ಇದ್ದಾರೆ, ಮೂತಮ್ಮ ಇದ್ದಾರೆ, ಮೌಲೂದ್ ಇದೆ, ಹಿತ್ತಲಿನ ಬೇಲಿಯಲ್ಲಿ ನಿಂತು ಆಡುವ ಮಾತಿದೆ. ಇಲ್ಲಿ ನಾಲ್ಕು ಗೋಡೆ ಮತ್ತು ಮೊಬೈಲು.

ನಮ್ಮ ಎರಡನೇ ಮಗು ಹುಟ್ಟಿ ಹೆಂಡತಿ ಬಾಣಂತನಕ್ಕೆ ಊರಿಗೆ ಹೋಗಿ ಬಂದ ಮೇಲೆ ಮೂರು ತಿಂಗಳು ಅವಳು ಸರಿಯಾಗಿ ಊಟ ಮಾಡಲಿಲ್ಲ, ಮಾತಾಡಲಿಲ್ಲ. ಕಾರಣವಿಲ್ಲದೆ ಅಳುತ್ತಿದ್ದಳು. ನಾನು ದಿನಾ ಡಬಲ್ ಡ್ಯೂಟಿ. ನಮ್ಮ ಹನ್ನೆರಡು ಮನೆಗಳಿಂದ ಯಾರೂ ಬರಲಿಲ್ಲ ಎಂದು ದೂರುವುದಿಲ್ಲ, ಅವರಿಗೂ ಅವರವರ ಮಕ್ಕಳಿದ್ದರು. ಬಂದದ್ದು ಆ ಅಕ್ಕ. ಮಗುವನ್ನು ಎತ್ತಿಕೊಂಡು 'ನೀನು ಎರಡು ಗಂಟೆ ಮಲಗು' ಎಂದರು. ಜಹೀರಾಬಾದಿನಲ್ಲಿ ಯಾವ ಡಾಕ್ಟರಮ್ಮನಿಗೆ ತೋರಿಸಬೇಕು ಎಂದು ಹೇಳಿ, ಆಟೋ ಹಿಡಿದು ಜೊತೆಗೆ ಹೋದರು. ಇದು ಕಾಯಿಲೆ, ಮದ್ದಿದೆ ಎಂದು ನಮಗೆ ತಿಳಿದದ್ದು ಆಗಲೇ. ಇಂದಿಗೆ ಎರಡು ವರ್ಷದಿಂದ ಹೆಂಡತಿ ಶನಿವಾರ ಅಲ್ಲಿಗೆ ಹೋಗುತ್ತಾಳೆ. ಅಸರ್ ಮುಗಿಸಿ ಹೋಗಿ, ಮಗ್ರಿಬ್ ಬಾಂಗಿಗೆ ಎದ್ದು ಬರುತ್ತಾಳೆ. ಅವರ ಹಾಡಿಗೆ ಸುಮ್ಮನೆ ಕೂರುತ್ತಾಳೆ, ಅವರ ಪ್ರಾರ್ಥನೆಗೆ ಆಮೀನ್ ಹೇಳುವುದಿಲ್ಲ. ತೆಲುಗು ಈಗ ನನಗಿಂತ ಚೆನ್ನಾಗಿ ಬರುತ್ತದೆ. ಗ್ಯಾಸಿನವನ ಹತ್ತಿರ ಜಗಳ ಮಾಡುವುದು ಕೂಡ ಅವಳೇ. ಇವಳ ಈಮಾನ್ ಮಿರ್ಚಿ ಬಜ್ಜಿಗೆ ಕರಗುತ್ತದೆ ಎಂದು ನಂಬುವವರಿಗೆ ಅನುಮಾನ ಇರುವುದು ಆ ಅಕ್ಕನ ಮೇಲಲ್ಲ, ನಮ್ಮ ಮನೆಯ ಹೆಂಗಸರ ಬುದ್ಧಿಯ ಮೇಲೆ.

ಪೊಲೀಸ್ ದೂರಿನ ವಿಷಯ. ತೆಲಂಗಾಣದಲ್ಲಿ ಮತಾಂತರಕ್ಕೆಂದು ಬೇರೆ ಕಾನೂನು ಇಲ್ಲ. ಚಿರಾಗ್‌ಪಲ್ಲಿ ದಾಟಿದರೆ ಬೇರೆ ಕಥೆ. ಕರ್ನಾಟಕದಲ್ಲಿ 2022ರಲ್ಲಿ ತಂದ ಕಾನೂನಿನಲ್ಲಿ ಆಮಿಷದ ಅರ್ಥವನ್ನು ಎಷ್ಟು ಅಗಲ ಮಾಡಿದರೆಂದರೆ ಉಡುಗೊರೆ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಒಳ್ಳೆಯ ಜೀವನದ ಭರವಸೆ, ಒಂದು ಧರ್ಮವನ್ನು ಇನ್ನೊಂದಕ್ಕಿಂತ ಹೊಗಳುವುದು ಎಲ್ಲ ಅದರೊಳಗೆ ಬಂತು. ಇಬ್ಬರು ಸೇರಿದರೆ 'ಸಾಮೂಹಿಕ'. ದೂರು ಕೊಡಲು ಅಪ್ಪ ಅಮ್ಮನೇ ಆಗಬೇಕಿಲ್ಲ, ಜೊತೆಗೆ ಕೆಲಸ ಮಾಡುವವನೂ ಕೊಡಬಹುದು. ತಪ್ಪು ಮಾಡಿಲ್ಲ ಎಂದು ತೋರಿಸುವ ಹೊಣೆ ಆರೋಪಿಯ ತಲೆಗೆ. ಅದನ್ನು ರದ್ದು ಮಾಡಬೇಕೆಂದು 2023ರ ಜೂನಿನಲ್ಲಿ ಮುಂದಿನ ಸರ್ಕಾರದ ಸಂಪುಟ ತೀರ್ಮಾನಿಸಿತು. ಕಾನೂನು ಬಂದಾಗ ನಮ್ಮಲ್ಲಿ ಕೆಲವರು 'ಅದು ಕಿರಿಸ್ತಾನರಿಗೆ ಮಾಡಿದ್ದು' ಎಂದು ನಿರಾಳವಾಗಿದ್ದರು. ಅದರಡಿ ವರದಿಯಾದ ಮೊದಲ ಬಂಧನ ಯಾರದ್ದು? 2022ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಯಶವಂತಪುರದ ಒಬ್ಬ ಮುಸ್ಲಿಂ ಯುವಕನದ್ದು.

ಉತ್ತರ ಪ್ರದೇಶದ ಕಡೆ ನೋಡಿ. ಮೌಲಾನಾ ಕಲೀಮ್ ಸಿದ್ದೀಕಿ ಅವರನ್ನು 2021ರಲ್ಲಿ ಮತಾಂತರದ ಪ್ರಕರಣದಲ್ಲಿ ಹಿಡಿದರು, 2024ರ ಸೆಪ್ಟೆಂಬರಿನಲ್ಲಿ ಲಕ್ನೋದ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಮತಾಂತರದ ಮಾತೇ ಇಲ್ಲದ ಒಂದು ಪ್ರಕರಣವೂ ಇದೆ. 2022ರ ಆಗಸ್ಟಿನಲ್ಲಿ ಮುರಾದಾಬಾದಿನ ಒಂದು ಹಳ್ಳಿಯಲ್ಲಿ ಮನೆಯೊಳಗೆ ಸೇರಿ ನಮಾಜ್ ಮಾಡಿದರು ಎಂದು 26 ಜನರ ಮೇಲೆ ಕೇಸು ಬಿತ್ತು. ಆಮೇಲೆ ಪೊಲೀಸರೇ ಅದನ್ನು ಕೈಬಿಟ್ಟರು, ಅದು ಬೇರೆ ಮಾತು. ದೂರಿನಲ್ಲಿ ಇದ್ದದ್ದು ಏನು? ಮನೆಯಲ್ಲಿ ಹೊರಗಿನವರನ್ನು ಸೇರಿಸಿ ಪ್ರಾರ್ಥನೆ ಮಾಡುತ್ತಾರೆ ಎಂಬುದು. ಕಾಕ ಬರೆಸಲು ಹೊರಟ ದೂರಿನ ಮೊದಲ ಸಾಲು ಇದೇ ಅಲ್ಲವೇ? ಹೆಸರು ಮಾತ್ರ ಬೇರೆ. ಇಂದು ನಾವು ಸಹಿ ಹಾಕಿದ ಕಾಗದವನ್ನು ನಾಳೆ ನಮ್ಮ ಮನೆಯ ಸ್ವಲಾತ್ ಮಜ್ಲಿಸಿನ ಮೇಲೆ ನಕಲು ಮಾಡಲು ಅವರಿಗೆ ಐದು ನಿಮಿಷ ಸಾಕು.

'ಇದು ಆ ಹೊಸ ಪ್ರಾರ್ಥನಾ ಗುಂಪಿನವರ ಮೇಲೆ ಮಾತ್ರ, ಹಳೆಯ ಇಗರ್ಜಿಯವರು ಒಳ್ಳೆಯವರು' ಎಂದೂ ಒಬ್ಬರು ನನಗೆ ಸಮಾಧಾನ ಹೇಳಿದರು. 2008ರ ಸೆಪ್ಟೆಂಬರ್ 14 ನೆನಪಿದೆಯೇ? ನಾನು ಆಗ ಡಿಪ್ಲೊಮಾ ಹುಡುಗ. ನ್ಯೂ ಲೈಫ್ ಎಂಬ ಪ್ರಾರ್ಥನಾ ಗುಂಪು ಮತಾಂತರ ಮಾಡುತ್ತದೆ ಎಂಬ ನೆಪ. ಕಲ್ಲು ಮಾತ್ರ ಮಂಗಳೂರಿನ ಮಿಲಾಗ್ರಿಸ್ ಹತ್ತಿರದ ಕ್ಯಾಥೊಲಿಕ್ ಸನ್ಯಾಸಿನಿಯರ ಆರಾಧನಾ ಮಠಕ್ಕೂ ಬಿತ್ತು. ಮಠದ ಆವರಣ ಬಿಟ್ಟು ಹೊರಗೆ ಬಾರದೆ ಬದುಕುವ ಹೆಂಗಸರು ಅವರು. ಅವರು ಯಾರನ್ನು ಚಹಾಕ್ಕೆ ಕರೆದಿದ್ದರು? ಕ್ರಿಸ್ಮಸ್ಸಿಗೆ ನಮ್ಮ ಮನೆಗಳಿಗೆ ತಟ್ಟೆ ತುಂಬ ಕುಸ್ವಾರ್ ಕಳಿಸುತ್ತಿದ್ದ ಕುಟುಂಬಗಳು ಆ ವಾರ ಬಾಗಿಲು ಹಾಕಿ ಕೂತಿದ್ದವು. ಕಲ್ಲೆಸೆಯುವವನು ಪಂಗಡ ವಿಚಾರಿಸಿ ಎಸೆಯುವುದಿಲ್ಲ. ಈಗ ಸಹಿ ಹಾಕಲು ತಯಾರಿರುವ ಸಂಘಟನೆಯವರು ಅದೇ ಕಲ್ಲಿನ ಬಳಗದವರು. ಅವರ ಜೊತೆ ಒಂದೇ ಕಾಗದದಲ್ಲಿ ಬ್ಯಾರಿಯ ಹೆಸರು!

ದೀನ್ ಹೆಸರು ಹೇಳಿ ನನ್ನನ್ನು ತಡೆಯುವವರು ಸೀರಾ ಒಮ್ಮೆ ತೆರೆಯಲಿ. ಮದ್ರಸದಲ್ಲಿ ನಾವೆಲ್ಲ ಕಲಿತದ್ದೇ. ಮಕ್ಕಾದಲ್ಲಿ ಬದುಕಲಾಗದೆ ಸಹಾಬಿಗಳು ಹಬಶಾಕ್ಕೆ ಹೋದರು. ಅವರಿಗೆ ಜಾಗ ಕೊಟ್ಟವನು ನಜಾಶಿ, ಕಿರಿಸ್ತಾನ ದೊರೆ. ಅವನ ಆಸ್ಥಾನಕ್ಕೆ ಉಡುಗೊರೆ ಹೊತ್ತು, 'ಇವರು ನಮ್ಮ ಮತ ಕೆಡಿಸುತ್ತಿದ್ದಾರೆ, ಹಿಡಿದು ಕೊಡಿ' ಎಂದು ದೂರು ಕೊಡಲು ಹೋದವರು ಖುರೈಷಿಗಳು. ಜಅಫರ್ (ರ) ಅಲ್ಲಿ ಓದಿದ್ದು ಸೂರಾ ಮರ್ಯಮ್. ಕೇಳಿದ ಮೇಲೆ ದೊರೆ ಉಡುಗೊರೆ ವಾಪಸು ಕಳಿಸಿದ. ಮುಂದೆ ಮದೀನಾಕ್ಕೆ ನಜ್ರಾನಿನ ಕಿರಿಸ್ತಾನರು ಬಂದಾಗ ಪ್ರವಾದಿ (ಸ) ಅವರ ಮಸೀದಿಯಲ್ಲೇ ಅವರು ತಮ್ಮ ಪ್ರಾರ್ಥನೆ ಮಾಡಿದರೆಂದು ಇಬ್ನ್ ಇಸ್ಹಾಕ್ ಬರೆದಿದ್ದಾರೆ. ಈಸಾ (ಅ) ಬಗ್ಗೆ ವಾದ ನಡೆಯಿತು, ಒಪ್ಪಲಿಲ್ಲ, ಒಪ್ಪಂದ ಮಾಡಿಕೊಂಡು ಹೋದರು. ಭಿನ್ನಮತವನ್ನು ಯಾರೂ ಮುಚ್ಚಿಡಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಅಹ್ಲೆ ಕಿತಾಬಿನ ಆಹಾರ ನಮಗೆ ಹಲಾಲ್ ಎಂದು ಸೂರಾ ಮಾಇದಾದಲ್ಲೇ ಇದೆ. ಬಜ್ಜಿಗೆ ಮಾಂಸವೂ ಬೀಳುವುದಿಲ್ಲ ಕಾಕ, ಮೆಣಸು, ಕಡಲೆ ಹಿಟ್ಟು ಅಷ್ಟೇ.

ಮತ್ತೆ ನಾವೇನು ಕರೆಯುವುದಿಲ್ಲವೇ? ಇಫ್ತಾರ್ ಕೂಟಕ್ಕೆ ಹಿಂದೂಗಳನ್ನು, ಕಿರಿಸ್ತಾನರನ್ನು ಕರೆಯುತ್ತೇವೆ, ಖರ್ಜೂರ ಕೊಡುತ್ತೇವೆ, ಎರಡು ಮಾತು ಇಸ್ಲಾಮಿನ ಬಗ್ಗೆ ಹೇಳುತ್ತೇವೆ. ಕರ್ನಾಟಕದಲ್ಲಿ ಎಷ್ಟೋ ಕಡೆ 'ಮಸೀದಿ ದರ್ಶನ' ಮಾಡುತ್ತಾರೆ, ಬಂದವರ ಕೈಗೆ ಕನ್ನಡ ಪುಸ್ತಕ ಕೊಡುತ್ತಾರೆ. ಉರೂಸಿನ ಚೀರ್ಣಿ ಯಾರ ಕೈಗೆಂದು ನೋಡಿ ಹಂಚುತ್ತೇವೆಯೇ? 2017ರ ಜೂನಿನಲ್ಲಿ ಪೇಜಾವರ ಸ್ವಾಮಿಗಳು ಉಡುಪಿ ಕೃಷ್ಣ ಮಠದಲ್ಲಿ ಇಫ್ತಾರ್ ಕೊಟ್ಟಾಗ ಬೀದಿಗಿಳಿದು ವಿರೋಧಿಸಿದವರು ಯಾರೆಂದು ನಮಗೆ ಗೊತ್ತು. ಆಗ ನಾವೆಲ್ಲ ಸ್ವಾಮಿಗಳ ದೊಡ್ಡ ಮನಸ್ಸನ್ನು ಹೊಗಳಿದೆವು. ನಮ್ಮನ್ನು ಒಳಗೆ ಕರೆದಾಗ ಸೌಹಾರ್ದ, ನಮ್ಮ ಹೆಂಗಸರನ್ನು ಇನ್ನೊಬ್ಬರು ಕರೆದಾಗ ಸಂಚು. ಈ ತಕ್ಕಡಿಯಲ್ಲಿ ಒಂದು ಬದಿಗೆ ಯಾರೋ ಅಯಸ್ಕಾಂತ ಅಂಟಿಸಿದ್ದಾರೆ.

ಬಹಿಷ್ಕಾರದ ಮಾತನ್ನು ನಾನು ಉದ್ದ ಮಾಡುವುದಿಲ್ಲ. ಮಯ್ಯಿತ್ ನಮಾಜಿಗೆ ಬರುವುದಿಲ್ಲ ಎಂದು ಹೆದರಿಸುವ ಅಧಿಕಾರ ಹನ್ನೆರಡು ಬಾಡಿಗೆ ಮನೆಯವರಿಗೆ ಯಾವ ಉಸ್ತಾದರೂ ಕೊಟ್ಟಿಲ್ಲ.

ಕಾಕನಿಗೆ ನಿಜವಾಗಿ ಚಿಂತೆ ಇದ್ದರೆ, ಇದೆ ಎಂದೇ ನಂಬುತ್ತೇನೆ, ಮಾಡಬೇಕಾದ ಕೆಲಸ ಬೇರೆ ಇದೆ. ಇಲ್ಲಿನ ಮಸೀದಿ ಕಮಿಟಿಯ ಹತ್ತಿರ ಹೋಗಿ ಹೆಂಗಸರಿಗೆ ವಾರಕ್ಕೊಂದು ದಿನ ಕೂರಲು ಒಂದು ಕೋಣೆ ಕೇಳಲಿ. ಹೊಸದಾಗಿ ಬಂದ ಸೊಸೆಯ ಮನೆಗೆ ಅವರ ಮನೆಯವರೇ ಮೊದಲು ಹೋಗಲಿ. ಹೆರಿಗೆಯಾದ ಮನೆಗೆ ನಲವತ್ತು ದಿನ ಸರದಿಯಲ್ಲಿ ಗಂಜಿ ಹೋಗಲಿ. ಮಕ್ಕಳಿಗೆ ಬ್ಯಾರಿ ಬಾಸೆ ಮರೆಯುತ್ತಿದೆ, ಭಾನುವಾರ ಒಂದು ಗಂಟೆ ಯಾರಾದರೂ ಕಥೆ ಹೇಳಲಿ. ಇಷ್ಟು ಮಾಡಿದ ಮೇಲೂ ನಮ್ಮ ಹೆಂಗಸರು ಶನಿವಾರ ಅಕ್ಕನ ಮನೆಗೆ ಹೋದರೆ ಹೋಗಲಿ, ಅವರಿಗೆ ಅಲ್ಲಿ ಗೆಳತಿಯರಿದ್ದಾರೆ.

ದೂರಿನ ಕಾಗದಕ್ಕೆ ನನ್ನ ಸಹಿ ಇಲ್ಲ. ನನ್ನ ಹೆಸರು ಆಗಲೇ ಬರೆದಿದ್ದಾರೆ ಎಂದು ಕೇಳಿದೆ, ಹೊಡೆದು ಹಾಕಿ. ಬರುವ ಭಾನುವಾರ ಮಗ್ರಿಬ್ ಆದ ಮೇಲೆ ನಮ್ಮ ಮನೆಯಲ್ಲಿ ಪತ್ತಿರಿ, ಕೋಳಿ ಸಾರು ಮಾಡುತ್ತೇವೆ. ಹನ್ನೆರಡು ಮನೆಗೂ ಕರೆ ಇದೆ, ಆ ಅಕ್ಕನ ಮನೆಯವರಿಗೂ ಇದೆ. ಊಟಕ್ಕೆ ಮೊದಲು ಒಂದು ಯಾಸೀನ್, ಒಂದು ದುಆ ಇರುತ್ತದೆ ಎಂದು ಅವರಿಗೆ ಮೊದಲೇ ಹೇಳಿದ್ದೇನೆ. ಬರುತ್ತೇವೆ ಎಂದಿದ್ದಾರೆ. ಕಾಕ ಇನ್ನೂ ಉತ್ತರ ಕೊಟ್ಟಿಲ್ಲ.